ಸಕ್ಕರೆ ಕಾರ್ಖಾನೆಯ ಕಸಕ್ಕೆ ಬೆಲೆ ಬಂದ ಕಥೆ

ಒಂದು ಟನ್ ಕಬ್ಬು ಅರೆದರೆ ಸಕ್ಕರೆ ಸಿಗುವುದು ಸುಮಾರು 100 ಕಿಲೋ. ಉಳಿದದ್ದು? 250ರಿಂದ 300 ಕಿಲೋ ಸಿಪ್ಪೆ, 40-45 ಕಿಲೋ ಕಾಕಂಬಿ, 30-40 ಕಿಲೋ ಪ್ರೆಸ್‌ಮಡ್. ಮಿಕ್ಕಿದ್ದು ಬಹುಪಾಲು ನೀರು. ಕಬ್ಬಿನ ರೇಟಿನ ಜಗಳ ಅರ್ಥವಾಗಬೇಕಾದರೆ ಈ ಉಳಿದದ್ದರ ಇತಿಹಾಸ ನೋಡಬೇಕು.

ಆಲೆಮನೆಯಲ್ಲಿ ಕಸ ಅನ್ನುವುದೇ ಇರಲಿಲ್ಲ. ಗಾಣದಿಂದ ಬಂದ ಸಿಪ್ಪೆ ಒಣಗಿ ಕೊಪ್ಪರಿಗೆ ಕೆಳಗಿನ ಒಲೆಗೆ ಹೋಗುತ್ತಿತ್ತು, ಬೂದಿ ಗದ್ದೆಗೆ. ಇವತ್ತು ಇದನ್ನೇ ಸರ್ಕ್ಯುಲರ್ ಎಕಾನಮಿ ಅಂತ ಸೆಮಿನಾರಿನಲ್ಲಿ ಹೇಳುತ್ತಾರೆ, ಇರಲಿ.

1932ರಲ್ಲಿ ಬ್ರಿಟಿಷ್ ಸರ್ಕಾರ ಹೊರದೇಶದ ಸಕ್ಕರೆ ಮೇಲೆ ಸುಂಕ ಹಾಕಿ ಇಲ್ಲಿನ ಉದ್ಯಮಕ್ಕೆ ರಕ್ಷಣೆ ಕೊಟ್ಟಿತು. ದೇಶದ ತುಂಬ ಕಾರ್ಖಾನೆಗಳು ಎದ್ದವು. ಕನ್ನಂಬಾಡಿಯ ನೀರು ನಾಲೆಗೆ ಹರಿದಿದ್ದ ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಅದರ ಹಿಂದೆ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರ ಶ್ರಮವಿತ್ತು.

ಕಾರ್ಖಾನೆ ಜಾಸ್ತಿಯಾದಂತೆ ಕಾಕಂಬಿ ತಲೆನೋವಾಯಿತು. ಉತ್ತರ ಭಾರತದಲ್ಲಿ ಅದನ್ನು ಸುರಿಯಲು ಜಾಗವಿರಲಿಲ್ಲ. ಗುಂಡಿಗೆ ಬಿಟ್ಟರೆ ನಾತ, ಹೊಳೆಗೆ ಬಿಟ್ಟರೆ ಮೀನು ಸಾಯುತ್ತಿತ್ತು. ಅಲಹಾಬಾದಿನ ವಿಜ್ಞಾನಿ ನೀಲರತನ್ ಧರ್ ಅವರು ಕಾಕಂಬಿಯನ್ನು ಚೌಳು ಮಣ್ಣಿಗೆ ಹಾಕಿ ನೆಲ ಸುಧಾರಿಸಬಹುದು ಅಂತ ಪ್ರಯೋಗ ಮಾಡಿದರು. ಆದರೆ ಗೆದ್ದದ್ದು ಗೊಬ್ಬರವಲ್ಲ, ಸ್ಪಿರಿಟ್. ಒಂದು ಟನ್ ಕಾಕಂಬಿ ಹುಳಿ ಬರಿಸಿ ಬಟ್ಟಿ ಇಳಿಸಿದರೆ 220 ಲೀಟರಿಗೂ ಮೇಲೆ ಆಲ್ಕೋಹಾಲ್ ಸಿಗುತ್ತದೆ. ಅದನ್ನು ಪೆಟ್ರೋಲಿಗೆ ಬೆರೆಸಲು 1948ರಲ್ಲೇ ಪವರ್ ಆಲ್ಕೋಹಾಲ್ ಕಾಯ್ದೆ ಬಂದಿತ್ತು ಅಂದರೆ ನಂಬುತ್ತೀರಾ? 2003ರಲ್ಲಿ ಶೇ. 5 ಎಥನಾಲ್ ಬೆರಕೆ ಶುರುವಾದಾಗ ಮೊದಲ ಪಟ್ಟಿಯಲ್ಲಿ ಕರ್ನಾಟಕವೂ ಇತ್ತು. 2018ರ ನೀತಿ ಬಂದಮೇಲೆ ನೇರ ಕಬ್ಬಿನ ಹಾಲಿನಿಂದಲೂ ಎಥನಾಲ್ ಮಾಡಬಹುದಾಯಿತು.

ಸಿಪ್ಪೆಯದೂ ಇದೇ ದಾರಿ. ಮೊದಲು ಬಾಯ್ಲರಿಗೆ ಸೌದೆ. ಆಮೇಲೆ ಕಾಗದ: ತಮಿಳುನಾಡಿನ ಕರೂರು ಬಳಿಯ ಸರ್ಕಾರಿ ಕಾಗದ ಕಾರ್ಖಾನೆ 1980ರ ದಶಕದಿಂದ ಸಿಪ್ಪೆಯನ್ನೇ ನೆಚ್ಚಿಕೊಂಡಿದೆ. ಆಮೇಲೆ ಕರೆಂಟು, ಅದೂ ಗ್ರಿಡ್‌ಗೆ ಮಾರುವಷ್ಟು. ಪ್ರೆಸ್‌ಮಡ್ ಗೊಬ್ಬರವಾಗಿ ಹೊಲಕ್ಕೆ ಬರುತ್ತದೆ.

ಎಲ್ಲವೂ ಚಿನ್ನವಾಯಿತು ಅಂದುಕೊಳ್ಳಬೇಡಿ. ಒಂದು ಲೀಟರ್ ಆಲ್ಕೋಹಾಲ್ ತೆಗೆದರೆ 8ರಿಂದ 15 ಲೀಟರ್ ಕಪ್ಪು ನೀರು ಉಳಿಯುತ್ತದೆ. ಅದರಿಂದ ಗ್ಯಾಸ್ ತೆಗೆಯಬಹುದು, ಪ್ರೆಸ್‌ಮಡ್ ಜೊತೆ ಕೊಳೆಸಿ ಗೊಬ್ಬರ ಮಾಡಬಹುದು. ಸರಿಯಾಗಿ ಮಾಡದಿದ್ದರೆ ಪಕ್ಕದ ಊರಿನ ಬಾವಿ ಕೆಡುತ್ತದೆ.

ಹಾಗಾದರೆ ಕಬ್ಬು ಬೆಳೆದವರ ಪಾಲೆಷ್ಟು? ಆಲೆಮನೆಯಲ್ಲಿ ಸಿಪ್ಪೆ ಯಾರ ಕಣ್ಣಿಗೂ ಮರೆಯಾಗುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಗೇಟು ದಾಟಿದ ಕಬ್ಬಿನ ಎಲ್ಲವೂ ಕಾರ್ಖಾನೆಯದು. 1974ರಲ್ಲಿ ಕಬ್ಬು ನಿಯಂತ್ರಣ ಆದೇಶಕ್ಕೆ 5ಎ ಅನ್ನುವ ಕಲಂ ಸೇರಿಸಿ, ಹೆಚ್ಚುವರಿ ಲಾಭದಲ್ಲಿ ರೈತರಿಗೆ ಪಾಲು ಅಂದರು. 2009ರಲ್ಲಿ ಎಫ್‌ಆರ್‌ಪಿ ಪದ್ಧತಿ ತಂದಾಗ ಆ ಕಲಂ ತೆಗೆದರು. ಬೆಲೆ ಕಟ್ಟುವಾಗ ಉಪ ಉತ್ಪನ್ನದ ಆದಾಯವನ್ನೂ ಪರಿಗಣಿಸುತ್ತೇವೆ ಅನ್ನುವ ಮಾತು ಮಾತ್ರ ಉಳಿಯಿತು. 2012ರಲ್ಲಿ ರಂಗರಾಜನ್ ಸಮಿತಿ ಸಕ್ಕರೆ, ಸಿಪ್ಪೆ, ಕಾಕಂಬಿ, ಪ್ರೆಸ್‌ಮಡ್ ಎಲ್ಲದರ ಬೆಲೆಯಲ್ಲಿ ಶೇ. 70 ರೈತರಿಗೆ ಸಲ್ಲಬೇಕು ಅಂದಿತು. ಮರುವರ್ಷ ನಮ್ಮ ರಾಜ್ಯವೂ ಕಬ್ಬು ಖರೀದಿಗೆ ಕಾಯ್ದೆ ಮಾಡಿತು.

ಗಂಟು ಇರುವುದು ಇಲ್ಲಿ. ಸಮಿತಿ ಎಣಿಸಿದ್ದು ಕಾಕಂಬಿಯನ್ನು, ಎಥನಾಲನ್ನಲ್ಲ. ಸಿಪ್ಪೆಯನ್ನು, ಕರೆಂಟನ್ನಲ್ಲ. ಕಾರ್ಖಾನೆ ತನ್ನ ಸಿಪ್ಪೆಯನ್ನು ತನ್ನದೇ ಬಾಯ್ಲರಿಗೆ ಹಾಕಿದರೆ ಮಾರಿದ ಬಿಲ್ಲೂ ಇರುವುದಿಲ್ಲ, ಅಂದಾಜು ಬೆಲೆ ಹಿಡಿಯುತ್ತಾರೆ. ಆ ಅಂದಾಜಿನ ಲೆಕ್ಕ ಕಾರ್ಖಾನೆಯ ಪುಸ್ತಕದಲ್ಲಿರುತ್ತದೆ, ರೈತರ ಕೈಗೆ ಬರುವ ತೂಕದ ಚೀಟಿಯಲ್ಲಿ ಅಲ್ಲ.