ಗಡಿ ದಾಟಿ ಬಂದ ದನಿ: ಹೊಸೂರಿನ ಮನೆಗಳಲ್ಲಿ ಆಕಾಶವಾಣಿಯ ಒಂದು ದಿನ

1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳು ರಚನೆಯಾದಾಗ ಹೊಸೂರು ಮದರಾಸು ರಾಜ್ಯದ ಸೇಲಂ ಜಿಲ್ಲೆಯಲ್ಲಿಯೇ ಉಳಿಯಿತು. ಅದಕ್ಕೆ ಒಂದು ವರ್ಷ ಮೊದಲು, 1955ರ ನವೆಂಬರ್ 2ರಂದು, ಬೆಂಗಳೂರಿನಲ್ಲಿ ಆಕಾಶವಾಣಿ ಕೇಂದ್ರವು ಆರಂಭವಾಗಿತ್ತು. ಈ ಎರಡು ದಿನಾಂಕಗಳನ್ನು ಯಾರೂ ಒಟ್ಟಿಗೆ ಹೇಳುವುದಿಲ್ಲ. ಆದರೆ ಗಡಿಯ ಈಚೆಗಿನ ಕನ್ನಡಿಗರ ಚರಿತ್ರೆಯಲ್ಲಿ ಇವೆರಡನ್ನೂ ಜೊತೆಯಾಗಿಯೇ ನೆನೆಯಬೇಕು. ನೆಲದ ಮೇಲೆ ಎಳೆದ ಗೆರೆಯು ಕೇವಲ ನಲವತ್ತು ಕಿಲೋಮೀಟರು ದೂರದ ಬೆಂಗಳೂರನ್ನು ನಮಗೆ ಪರರಾಜ್ಯವಾಗಿಸಿತು. ಗಾಳಿಯಲ್ಲಿ ಬಂದ ದನಿಯು ಆ ಗೆರೆಯನ್ನು ದಿನವೂ ದಾಟಿ ನಮ್ಮ ಪಡಸಾಲೆಗೆ ಬಂದಿತು.

ಕನ್ನಡ ಬಾನುಲಿಯ ಮೂಲ ಮೈಸೂರಿನಲ್ಲಿದೆ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಾದ ‘ವಿಠ್ಠಲ ವಿಹಾರ’ದಿಂದ 30 ವ್ಯಾಟ್ ಶಕ್ತಿಯ ಪುಟ್ಟ ಪ್ರೇಷಕದ ಮೂಲಕ ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಆ ಕೇಂದ್ರದ ಹೆಸರಿನೊಂದಿಗೆ ನಾ. ಕಸ್ತೂರಿಯವರ ನೆನಪೂ ಸೇರಿಕೊಂಡಿದೆ. ಮುಂದೆ ಆ ಹೆಸರೇ ದೇಶದ ಬಾನುಲಿಗೆಲ್ಲ ಸಂದಿತು. 1950ರ ಜನವರಿ 8ರಂದು ಧಾರವಾಡ ಕೇಂದ್ರ ಬಂದಿತು. ಮೈಸೂರಿನ ಕೇಂದ್ರವು ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಆ ಸ್ಥಳಾಂತರದಿಂದ ಹೊಸೂರು, ಬಾಗಲೂರು, ಬೇರಿಗೆ, ತಳಿ, ಡೆಂಕಣಿಕೋಟೆಗಳ ಮನೆಗಳಿಗೆ ಕನ್ನಡವು ಸ್ಪಷ್ಟವಾಗಿ ಕೇಳತೊಡಗಿತು.

ಆಗ ರೇಡಿಯೋ ಇಟ್ಟುಕೊಳ್ಳುವುದು ಸುಲಭವಾಗಿರಲಿಲ್ಲ. ಅಂಚೆ ಕಚೇರಿಯಲ್ಲಿ ವರ್ಷಕ್ಕೆ 15 ರೂಪಾಯಿ ಕಟ್ಟಿ ಲೈಸೆನ್ಸ್ ಪುಸ್ತಕಕ್ಕೆ ಸ್ಟಾಂಪು ಹಚ್ಚಿಸಬೇಕಾಗಿತ್ತು. ಊರಿನ ಪಂಚಾಯತಿ ರೇಡಿಯೋ ಸಂಜೆ ಮದರಾಸು ಕೇಂದ್ರದ ತಮಿಳು ವಾರ್ತೆಯನ್ನು ಹೇಳುತ್ತಿತ್ತು. ನಮ್ಮ ಜಿಲ್ಲೆಯ ಮಳೆ, ಚುನಾವಣೆ, ಶಾಲಾ ರಜೆಗಳ ವಿಷಯ ಅಲ್ಲಿಯೇ ತಿಳಿಯಬೇಕಾದುದರಿಂದ ಅದನ್ನೂ ತಪ್ಪದೆ ಕೇಳುತ್ತಿದ್ದೆವು. ಮನೆಯ ಪೆಟ್ಟಿಗೆಯ ಮುಳ್ಳು ಮಾತ್ರ ಬೆಂಗಳೂರಿನ ಮೇಲೆ ನಿಂತಿರುತ್ತಿತ್ತು.

ದಿನವು ಆಕಾಶವಾಣಿಯ ಸಂಕೇತ ಸಂಗೀತದಿಂದ ತೆರೆಯುತ್ತಿತ್ತು. ಯೂರೋಪಿನಿಂದ ನಿರಾಶ್ರಿತರಾಗಿ ಭಾರತಕ್ಕೆ ಬಂದ ವಾಲ್ಟರ್ ಕಾಫ್‌ಮನ್ ಎಂಬ ಸಂಗೀತಗಾರರು ಅದನ್ನು ರಚಿಸಿದರೆಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ಅನಂತರ ವಂದೇ ಮಾತರಂ, ಮಂಗಳವಾದ್ಯ, ಭಕ್ತಿಗೀತೆಗಳು, ‘ಚಿಂತನ’. 1974ರಲ್ಲಿ ಸಂಸ್ಕೃತ ವಾರ್ತೆಯೂ ಬಂದಿತು. ಅರ್ಥ ತಿಳಿಯದವರೂ ಅದರಿಂದ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಪ್ರದೇಶ ಸಮಾಚಾರ ಮತ್ತು ದೆಹಲಿಯಿಂದ ಬರುವ ಕನ್ನಡ ವಾರ್ತೆ ಮುಗಿಯುವುದರೊಳಗೆ ಮಕ್ಕಳು ಶಾಲೆಗೆ ಸಿದ್ಧರಾಗಬೇಕಿತ್ತು. ಪ್ರದೇಶ ಸಮಾಚಾರವೆಂದರೆ ಸಹಜವಾಗಿಯೇ ಕರ್ನಾಟಕದ ಸಮಾಚಾರ. ಕನ್ನಂಬಾಡಿಯ ನೀರಿನ ಮಟ್ಟ ನಮ್ಮ ಮಕ್ಕಳಿಗೆ ಬಾಯಿಪಾಠವಾಗಿತ್ತು. ನಮ್ಮೂರ ಹೆಸರು ಅದರಲ್ಲಿ ಬರುವುದು ಅಪರೂಪ. ನಮ್ಮದಲ್ಲದ ರಾಜ್ಯದ ಸುದ್ದಿಯನ್ನು ನಮ್ಮದೇ ಭಾಷೆಯಲ್ಲಿ ಕೇಳುವುದು ಗಡಿಯವರ ಪಾಲಿಗೆ ಬಂದ ವಿಚಿತ್ರ ಭಾಗ್ಯ.

ಮಧ್ಯಾಹ್ನ ಹೆಂಗಸರ ಕಾರ್ಯಕ್ರಮ, ಚಿತ್ರಗೀತೆಗಳು, ಶಾಲಾ ಪ್ರಸಾರ. ತಮಿಳುನಾಡಿನ ಕನ್ನಡ ಪಠ್ಯಪುಸ್ತಕವೂ ಕರ್ನಾಟಕದ ಪಠ್ಯಪುಸ್ತಕವೂ ಬೇರೆಬೇರೆಯಾದುದರಿಂದ ಪ್ರಸಾರವಾಗುವ ಪಾಠ ನಮ್ಮ ತರಗತಿಯ ಪಾಠಕ್ಕೆ ಹೊಂದುತ್ತಿರಲಿಲ್ಲ. ಆದರೂ ಕೇಳಿಸುತ್ತಿದ್ದೆವು, ಪಾಠ ಹೊಂದದಿದ್ದರೂ ಭಾಷೆ ಹೊಂದುತ್ತಿತ್ತು.

ಸಂಜೆಯ ಕೃಷಿರಂಗವು ನಮಗೆ ಇನ್ನೂ ಹತ್ತಿರ. 1960ರ ದಶಕದಲ್ಲಿ ತಂಜಾವೂರಿನ ರೈತರು ಬಾನುಲಿಯಲ್ಲಿ ಕೇಳಿ ಎ.ಡಿ.ಟಿ. 27 ಎಂಬ ಭತ್ತದ ತಳಿಯನ್ನು ಬೆಳೆದರು. ಅದಕ್ಕೆ ‘ರೇಡಿಯೋ ಭತ್ತ’ವೆಂದೇ ಹೆಸರಾಯಿತು. ಆದರೆ ನಮ್ಮದು ಕಾವೇರಿಯ ಬಯಲಲ್ಲ. ರಾಗಿ, ಅವರೆ, ಹಿಪ್ಪುನೇರಳೆಯ ಮೇಡುನೆಲ. ಮಂಡ್ಯದ ವಿ. ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ರೂಪಿಸಿದ ‘ಇಂಡಾಫ್’ ತಳಿಗಳ ಮಾತು ನಮ್ಮ ರೈತನಿಗೆ ಅರ್ಥವಾಗುವ ಕನ್ನಡದಲ್ಲಿ, ಅವನ ಹೊಲಕ್ಕೆ ಒಪ್ಪುವ ವಿಷಯವಾಗಿ ಬಂದದ್ದು ಬೆಂಗಳೂರಿನಿಂದ. ಮಣ್ಣಿಗೆ ರಾಜ್ಯದ ಗಡಿ ತಿಳಿಯದು.

ರಾತ್ರಿ ನಾಟಕವಿದ್ದರೆ ನೆರೆಮನೆಯವರೂ ಬಂದು ಜಗಲಿಯಲ್ಲಿ ಕೂರುತ್ತಿದ್ದರು. ‘ಈರಣ್ಣ’ನೆಂದೇ ಹೆಸರಾದ ಎ. ಎಸ್. ಮೂರ್ತಿಯವರ ದನಿಯನ್ನು ಗುರುತಿಸದ ಮನೆಯಿರಲಿಲ್ಲ. 1952ರಲ್ಲಿ ಆರಂಭವಾದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮದ ಮೂಲಕ ಟಿಕೆಟ್ಟು ಕೊಳ್ಳಲಾಗದವರಿಗೂ ಮಹಾವಿದ್ವಾಂಸರ ಗಾಯನ ದೊರೆಯಿತು. ಬೆಂಗಳೂರು ಕೇಂದ್ರದಲ್ಲಿಯೇ ಸೇವೆ ಸಲ್ಲಿಸಿದ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯನ್ನು ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಕೇಳಿದವರು ಈ ಸಭೆಯಲ್ಲಿಯೂ ಇದ್ದಾರೆ.

ಈ ದಿನಚರಿಯಿಂದ ನಮಗೆ ದೊರೆತ ದೊಡ್ಡ ಲಾಭ ಭಾಷೆಯದು. ನಮ್ಮ ಆಡುಮಾತಿನಲ್ಲಿ ತೆಲುಗೂ ತಮಿಳೂ ಬೆರೆತಿವೆ. ಅದು ನಾಚಿಕೆಯ ವಿಷಯವಲ್ಲ, ನಮ್ಮ ಸಂಪತ್ತು. ಆದರೆ ಬರೆಯುವ ಕನ್ನಡವನ್ನು ಕಿವಿಯಿಂದ ಕಲಿಯಲು ನಮ್ಮ ಮಕ್ಕಳಿಗೆ ಶಾಲೆಯ ಹೊರಗೆ ಬೇರೆ ದಾರಿಯಿರಲಿಲ್ಲ. ನಮ್ಮ ತರಗತಿಯಲ್ಲಿ ಗದ್ಯಪಾಠ ಓದಲು ಹೆದರುತ್ತಿದ್ದ ಹುಡುಗನೊಬ್ಬನು ಒಂದು ದಿನ ಎದ್ದುನಿಂತು, “ಆಕಾಶವಾಣಿ, ವಾರ್ತೆಗಳು, ಓದುತ್ತಿರುವವರು...” ಎಂದು ತನ್ನ ಹೆಸರು ಸೇರಿಸಿ, ಇಡೀ ಪಾಠವನ್ನು ತಡವರಿಸದೆ ಓದಿ ಮುಗಿಸಿದನು. ತರಗತಿಯೆಲ್ಲ ನಕ್ಕಿತು, ನಾವು ನಗಲಿಲ್ಲ. ಮರುದಿನದಿಂದ ಎಲ್ಲರೂ ಹಾಗೆಯೇ ಓದಬೇಕೆಂದು ವಿಧಿಸಿದೆವು. ‘ಹ’ಕಾರ, ಮಹಾಪ್ರಾಣ, ವಾಕ್ಯದ ನಿಲುಗಡೆ—ಇವುಗಳನ್ನು ತಿದ್ದುವ ನಮ್ಮ ಕೆಲಸದಲ್ಲಿ ಅರ್ಧವನ್ನು ರೇಡಿಯೋ ಮಾಡಿತ್ತು.

ಇಂದು ಸ್ಥಿತಿ ಬೇರೆಯಾಗಿದೆ. 2006ರ ಕಾಯ್ದೆಯು ತಮಿಳನ್ನು ಹತ್ತನೆಯ ತರಗತಿಯವರೆಗೆ ಹಂತಹಂತವಾಗಿ ಕಡ್ಡಾಯಗೊಳಿಸಿತು. ನಾವು ಬಾಳುವ ನಾಡಿನ ಭಾಷೆಯನ್ನು ಕಲಿಯುವುದು ನಮ್ಮ ಕರ್ತವ್ಯವೇ ಸರಿ. ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾತೃಭಾಷೆಯು ಐಚ್ಛಿಕ ವಿಷಯವಾದಾಗ ಅದನ್ನು ಉಳಿಸಿಕೊಳ್ಳುವ ಹೊಣೆ ಶಾಲೆಯಿಂದ ಮನೆಗೆ ವರ್ಗವಾಯಿತು. ದುರ್ದೈವವೆಂದರೆ, ಅದೇ ಹೊತ್ತಿಗೆ ಮನೆಯ ರೇಡಿಯೋ ಅಟ್ಟ ಸೇರಿತು. ಮೊಮ್ಮಕ್ಕಳು ನಮ್ಮೊಡನೆ ಕನ್ನಡ ಮಾತನಾಡುತ್ತಾರೆ. ಸಂಘದ ಆಹ್ವಾನ ಪತ್ರಿಕೆಯನ್ನು ಮಾತ್ರ ನಮ್ಮಿಂದ ಓದಿಸಿಕೊಳ್ಳುತ್ತಾರೆ.

ಬಾನುಲಿಯ ದನಿ ನಿಂತಿಲ್ಲ. ಪ್ರಸಾರ ಭಾರತಿಯ ‘ನ್ಯೂಸ್ ಆನ್ ಏರ್’ ಆ್ಯಪ್‌ನಲ್ಲಿ ಕನ್ನಡ ಕೇಂದ್ರಗಳು ಮೊಬೈಲಿನಲ್ಲಿಯೇ ದೊರೆಯುತ್ತವೆ. ಏರಿಯಲ್ ಕಟ್ಟಬೇಕಿಲ್ಲ, ಲೈಸೆನ್ಸಿನ ಹಣವೂ ಇಲ್ಲ. ಸಂಘದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೇ: ಮಕ್ಕಳು ಬೆಳಗಿನ ತಿಂಡಿಗೆ ಕುಳಿತಾಗ ಒಂದು ಕನ್ನಡ ವಾರ್ತೆ ಮನೆಯಲ್ಲಿ ಕೇಳಲಿ. ಕೇಳಿದ ಮೇಲೆ ಅದರ ಎರಡು ವಾಕ್ಯಗಳನ್ನು ಅವರು ಬರೆಯಲಿ. ತಪ್ಪಿದ್ದರೆ ತಿದ್ದಲು ಈ ಊರಿನಲ್ಲಿ ಇನ್ನೂ ಕೆಲವು ಹಳೆಯ ಮೇಷ್ಟ್ರುಗಳು ಇದ್ದೇವೆ.