ಬ್ರೇಕಿನ ಮಾಸ್ಟರ್ ಸಿಲಿಂಡರ್: ನೀರು ಮತ್ತು ತುಕ್ಕು

ಮುಂಬಯಿಯಿಂದ ಊರಿಗೆ ಸ್ವಂತ ಕಾರಿನಲ್ಲಿ ಹೊರಡುವ ಮುನ್ನ ಟೈರಿನ ಗಾಳಿ, ಎಂಜಿನ್ ಆಯಿಲ್ ನೋಡದವರಿಲ್ಲ. ಬಾನೆಟ್ಟಿನೊಳಗಿರುವ ಬ್ರೇಕ್ ಆಯಿಲಿನ ಪುಟ್ಟ ಡಬ್ಬಿಯತ್ತ ಕಣ್ಣು ಹಾಯಿಸುವವರು ವಿರಳ. ಅದರ ಕೆಳಗಿರುವ ಲೋಹದ ಉರುಳೆಯೇ ಮಾಸ್ಟರ್ ಸಿಲಿಂಡರ್. ಪೆಡಲ್ ಒತ್ತಿದಾಗ ಇದರೊಳಗಿನ ಪಿಸ್ಟನ್ ದ್ರವವನ್ನು ದೂಡುತ್ತದೆ; ಆ ಒತ್ತಡವು ಪೈಪುಗಳ ಮೂಲಕ ಚಕ್ರಗಳನ್ನು ತಲುಪುತ್ತದೆ. ಪಿಸ್ಟನ್ನಿನ ರಬ್ಬರ್ ವಾಷರುಗಳು ದ್ರವ ಹಿಂದಕ್ಕೆ ಜಾರದಂತೆ ತಡೆಯುತ್ತವೆ.

ಬ್ರೇಕ್ ಆಯಿಲ್ ಎಂಬುದು ರೂಢಿಯ ಹೆಸರಷ್ಟೆ, ಅದು ಎಣ್ಣೆಯಲ್ಲ. ಸಾಮಾನ್ಯವಾಗಿ ಬಳಕೆಯಲ್ಲಿರುವ ಡಾಟ್ 3, ಡಾಟ್ 4 ದ್ರವಗಳು ಗ್ಲೈಕಾಲ್ ವರ್ಗಕ್ಕೆ ಸೇರಿದವು. ಮಳೆಗಾಲದ ಉಪ್ಪಿನಂತೆ ಗಾಳಿಯ ತೇವವನ್ನು ಹೀರುತ್ತವೆ. ಎಲ್ಲಿಯೂ ಸೋರಿಕೆಯಿಲ್ಲದಿದ್ದರೂ ಮುಚ್ಚಳದ ರಂಧ್ರ ಹಾಗೂ ರಬ್ಬರ್ ಹೋಸುಗಳ ಮೂಲಕ ತೇವ ಒಳಸೇರುತ್ತಲೇ ಇರುತ್ತದೆ. ಹೊಸ ಡಾಟ್ 3 ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು, ಶೇಕಡ 3.7ರಷ್ಟು ನೀರು ಬೆರೆತಾಗ ಅದು 140ರವರೆಗೂ ಇಳಿಯಬಹುದು. ಡಾಟ್ 4ಕ್ಕೆ ಈ ಮಿತಿಗಳು 230 ಮತ್ತು 155. ಊರಿನಿಂದ ಮರಳುವಾಗ ಖಂಡಾಲ ಘಾಟಿಯನ್ನು ಬ್ರೇಕ್ ಒತ್ತುತ್ತಲೇ ಇಳಿದರೆ ಚಕ್ರದ ಬಳಿ ಕಾದ ದ್ರವ ಕುದಿದು ಆವಿ ಏಳುತ್ತದೆ. ಆವಿ ಕುಗ್ಗುವ ವಸ್ತು. ಪೆಡಲ್ ತಳಕ್ಕಿಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ.

ತುಕ್ಕಿನದು ನಿಧಾನದ ಕೆಲಸ. ಹಳೆಯ ಕಾರುಗಳ ಎರಕದ ಕಬ್ಬಿಣದ ಸಿಲಿಂಡರುಗಳಿಗೆ ಇದು ಹೆಚ್ಚು. ಈಚಿನ ಅಲ್ಯುಮಿನಿಯಂ ಸಿಲಿಂಡರುಗಳಲ್ಲಿಯೂ ಬಿಳಿಯ ಪುಡಿ ಕಟ್ಟಿ ಒಳಮೈ ಕೊರೆಯುವುದುಂಟು. ಪಿಸ್ಟನ್ ದಿನವೂ ಓಡಾಡುವಷ್ಟು ಭಾಗ ನಯವಾಗಿರುತ್ತದೆ, ಅದರಾಚೆ ತುಕ್ಕು ಕೂರುತ್ತದೆ. ಗ್ಯಾರೇಜಿನಲ್ಲಿ ಏರ್ ತೆಗೆಯುವಾಗ ಪೆಡಲನ್ನು ತಳದವರೆಗೆ ತುಳಿದರೆ ವಾಷರಿನ ಅಂಚು ಆ ತುಕ್ಕಿನ ಮೇಲೆ ಹಾದು ಹರಿಯುತ್ತದೆ. ನಿನ್ನೆಯವರೆಗೆ ಸರಿಯಿದ್ದುದನ್ನು ಕೆಡಿಸಿದನೆಂದು ಮೆಕ್ಯಾನಿಕನನ್ನು ಬೈದವರಲ್ಲಿ ನಾನೂ ಒಬ್ಬ. ಪೆಡಲಿನ ಕೆಳಗೆ ಒಂದು ಮರದ ತುಂಡು ಇರಿಸಿದ್ದರೆ ಸಾಕಿತ್ತು.

ಪರೀಕ್ಷೆ ಸುಲಭ. ನಿಂತ ಗಾಡಿಯ ಎಂಜಿನ್ ಚಾಲೂ ಇಟ್ಟು ಪೆಡಲನ್ನು ಹದವಾಗಿ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಹೊರಗೆ ಸೋರಿಕೆಯಿಲ್ಲದೆ ಪೆಡಲ್ ಮೆಲ್ಲನೆ ಇಳಿಯುತ್ತಿದ್ದರೆ ಸಂಶಯವು ಮೊದಲು ಮಾಸ್ಟರ್ ಸಿಲಿಂಡರಿನ ಮೇಲೆಯೇ ಹೋಗಬೇಕು. ಬಿಚ್ಚಿದಾಗ ಒಳಮೈಯಲ್ಲಿ ಉಗುರಿಗೆ ತಗಲುವ ಕುಳಿಗಳಿದ್ದರೆ ಬರಿಯ ವಾಷರ್ ಕಿಟ್ ಬದಲಿಸುವುದು ವ್ಯರ್ಥ; ಆ ಕುಳಿಗಳು ಹೊಸ ರಬ್ಬರನ್ನೂ ಕೊರೆಯುತ್ತವೆ. ಸಿಲಿಂಡರನ್ನೇ ಬದಲಿಸಬೇಕು. ಇಲ್ಲಿ ಉಳಿತಾಯದ ಮಾತು ಸಲ್ಲದು. ಬಿಡಿಭಾಗಗಳನ್ನು ತೊಳೆಯಲು ಸೀಮೆಎಣ್ಣೆ, ಪೆಟ್ರೋಲ್ ಬಳಸಿದರೆ ರಬ್ಬರ್ ಉಬ್ಬಿಕೊಳ್ಳುತ್ತದೆ; ಶುದ್ಧ ಬ್ರೇಕ್ ದ್ರವವೇ ಆಗಬೇಕು.

ಎರಡು ವರ್ಷಕ್ಕೊಮ್ಮೆ ದ್ರವವನ್ನು ಪೂರ್ತಿ ಬದಲಿಸಿ, ದಿನಾಂಕ ಬರೆದಿಡಿ (ಬ್ಯಾಂಕಿನವರ ಚಾಳಿ ಎನ್ನಿ). ತೆರೆದು ಬಹುಕಾಲವಾದ ಡಬ್ಬಿಯದು ಬೇಡ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಮುಳುಗಿದ ಕಾರುಗಳನ್ನು ಕಂಡವರು ನಮ್ಮಲ್ಲಿ ಅನೇಕರು. ಹಾಗೆ ನೆರೆನೀರಿನಲ್ಲಿ ನಿಂತ ಗಾಡಿ ಚಾಲೂ ಆದರೂ ಬ್ರೇಕ್ ದ್ರವವನ್ನು ಬದಲಿಸದೆ ರಸ್ತೆಗಿಳಿಸಬಾರದು.