ಅರಣ್ಯವಾಸಿ ಭಿಕ್ಷುಗಳ ಶೌಚವಿಧಿ

ಅರಣ್ಯವಾಸವೆಂದೊಡನೆ ಧ್ಯಾನ, ಮೌನ, ವೃಕ್ಷಮೂಲ ಇವೇ ಓದುವವರ ಕಣ್ಣೆದುರು ನಿಲ್ಲುವುವು. ಆದರೆ ಕಾಡಿನಲ್ಲಿ ನೆಲಸಿದವನೂ ಬೆಳಗಾದರೆ ಹಲ್ಲುಜ್ಜಬೇಕು, ಮಲವಿಸರ್ಜನೆಗೆ ಹೋಗಬೇಕು, ಕುಡಿಯುವ ನೀರನ್ನು ಶೋಧಿಸಬೇಕು. ಕವಿಗಳು ಹೇಳದೆ ಬಿಟ್ಟ ಈ ಸಂಗತಿಗಳನ್ನು ಬೌದ್ಧರ ವಿನಯಪಿಟಕವು ಸಂಕೋಚವಿಲ್ಲದೆ ಹೇಳುತ್ತದೆ. ಪಾಲಿಭಾಷೆಯ ಆ ಗ್ರಂಥದಲ್ಲಿ ವಿಧಿಗಳು ತಾವಾಗಿ ಹುಟ್ಟುವುದಿಲ್ಲ. ಮೊದಲು ಒಂದು ಪ್ರಮಾದ ನಡೆಯುವುದು, ದೂರು ಬುದ್ಧನ ಬಳಿಗೆ ಬರುವುದು, ಅನಂತರವೇ ವಿಧಿ. ಈ ಕಥೆಗಳೆಲ್ಲವೂ ಹೇಳಿದಂತೆಯೇ ನಡೆದುವೆಂದು ನಂಬಬೇಕಾಗಿಲ್ಲ. ಬೀಡುಬಿಟ್ಟು ಬಾಳುವವರ ಕಷ್ಟಗಳನ್ನು ಕಣ್ಣಾರೆ ಕಂಡವರು ಇವನ್ನು ಬರೆದರೆಂಬುದರಲ್ಲಿ ಮಾತ್ರ ಸಂದೇಹವಿಲ್ಲ.

ಚುಲ್ಲವಗ್ಗದ ಒಂದು ಕಥೆಯಲ್ಲಿ ಕಳ್ಳರು ಅರಣ್ಯವಾಸಿಗಳಾದ ಭಿಕ್ಷುಗಳ ಬಳಿಗೆ ಬಂದು ಕುಡಿಯಲು ನೀರು ಕೇಳುತ್ತಾರೆ. ಇಲ್ಲ. ಬೆಂಕಿ ಕೇಳುತ್ತಾರೆ, ಅದೂ ಇಲ್ಲ. ಅರಣಿಯಿಲ್ಲ. ಇಂದಿನ ನಕ್ಷತ್ರವಾವುದು, ಇದು ಯಾವ ದಿಕ್ಕು ಎಂದರೆ ಅದನ್ನೂ ಅರಿಯರು. ಇವರು ಭಿಕ್ಷುಗಳಲ್ಲ, ಕಳ್ಳರೇ ಇರಬೇಕೆಂದು ಕಳ್ಳರು ಅವರನ್ನು ಹೊಡೆದು ಹೋದರಂತೆ! ಅಂದಿನಿಂದ ಕಾಡಿನಲ್ಲಿರುವ ಭಿಕ್ಷುವು ಕುಡಿಯುವ ನೀರು, ತೊಳೆಯುವ ನೀರು, ಬೆಂಕಿ, ಅರಣಿ, ಊರುಗೋಲು ಇವನ್ನು ಸಿದ್ಧವಾಗಿಟ್ಟುಕೊಳ್ಳಬೇಕು, ನಕ್ಷತ್ರಗಳನ್ನೂ ದಿಕ್ಕುಗಳನ್ನೂ ಕಲಿತಿರಬೇಕು ಎಂದು ವಿಧಿಯಾಯಿತು. ಎರಡು ಬಗೆಯ ನೀರನ್ನೂ ಬೇರೆಬೇರೆಯಾಗಿ ಹೆಸರಿಸಿರುವುದು ಗಮನಾರ್ಹ.

ನೀರಿನ ವಿಷಯದಲ್ಲಿ ಇದಕ್ಕಿಂತ ಕಠೋರವಾದ ಕಥೆಯೊಂದುಂಟು. ಇಬ್ಬರು ಭಿಕ್ಷುಗಳು ಕೋಸಲದೇಶದ ದಾರಿಯಲ್ಲಿ ಹೋಗುತ್ತಿದ್ದರು. ಒಬ್ಬನು ಅನಾಚಾರ ಮಾಡಲು ಮತ್ತೊಬ್ಬನು ತಿದ್ದಿದನು. ತಿದ್ದಿಸಿಕೊಂಡವನು ಹಗೆ ಹಿಡಿದನು. ಮುಂದೆ ಬುದ್ಧಿ ಹೇಳಿದವನು ಬಾಯಾರಿ ಶೋಧನವಸ್ತ್ರವನ್ನು ಕೇಳಿದಾಗ ಹಗೆಗಾರನು ಕೊಡಲಿಲ್ಲ. ಶೋಧಿಸದ ನೀರನ್ನು ಕುಡಿಯಲೊಲ್ಲದೆ ಕೇಳಿದವನು ಬಾಯಾರಿಕೆಯಿಂದ ಸತ್ತನು. ದಾರಿಯಲ್ಲಿ ಕೇಳಿದವನಿಗೆ ಶೋಧನವಸ್ತ್ರವನ್ನು ಇಲ್ಲವೆನ್ನಬಾರದು, ಅದಿಲ್ಲದೆ ಪ್ರಯಾಣ ಹೊರಡಲೂಬಾರದು, ಇಲ್ಲದಿದ್ದಲ್ಲಿ ಹೊದೆದ ಸಂಘಾಟಿಯ ಅಂಚಿನಿಂದಲಾದರೂ ಸೋಸಿ ಕುಡಿಯಬೇಕು ಎಂಬ ವಿಧಿಗಳು ಈ ಸಾವಿನಿಂದ ಹುಟ್ಟಿದುವು. ಭಿಕ್ಷುಗಳ ಚಿಂತೆ ರೋಗದ್ದಲ್ಲ. ನೀರಿನಲ್ಲಿರುವ ಜೀವಿಗಳ ಹಿಂಸೆಯದು. ಆದರೂ ಫಲವು ಇಬ್ಬರಿಗೂ ದೊರೆತಿರಬೇಕು. 2003ರಲ್ಲಿ ಪ್ರಕಟವಾದ ಬಾಂಗ್ಲಾದೇಶದ ಹಳ್ಳಿಗಳ ಪರಿಶೀಲನೆಯಲ್ಲಿ, ಹಳೆಯ ಸೀರೆಯನ್ನು ಹಲವು ಮಡಿಕೆ ಮಾಡಿ ನೀರು ಸೋಸಿದ ಮನೆಗಳಲ್ಲಿ ಕಾಲರಾ ಬೇನೆಯು ಸುಮಾರು ಅರ್ಧದಷ್ಟು ಇಳಿದುದು ಕಂಡುಬಂದಿತು.

ಈ ಗ್ರಂಥದಲ್ಲಿ ಶೌಚವು ಮಡಿಯಲ್ಲ, ಜೊತೆಯವನಿಗೆ ಸಲ್ಲಿಸಬೇಕಾದ ಋಣ. ಬ್ರಾಹ್ಮಣಕುಲದಲ್ಲಿ ಹುಟ್ಟಿದ ಒಬ್ಬ ಭಿಕ್ಷುವು ದುರ್ಗಂಧಕ್ಕೆ ಹೇಸಿ ವಿಸರ್ಜನೆಯ ಬಳಿಕ ತೊಳೆದುಕೊಳ್ಳದೆ ಇರಲು ಅವನಿಗೆ ಹುಳುವಾಯಿತಂತೆ; ನೀರಿದ್ದಲ್ಲಿ ತೊಳೆಯಲೇಬೇಕೆಂದು ಕಟ್ಟಳೆಯಾಯಿತು. ಪಾಯಿಖಾನೆಗೆ ಹಿರಿತನದ ಕ್ರಮದಲ್ಲಿ ಹೋಗುವ ರೂಢಿಯಿದ್ದಾಗ, ಮೊದಲೇ ಬಂದು ಕಾದುನಿಂತ ಕಿರಿಯರು ತಡೆಯಲಾರದೆ ಮೂರ್ಛೆಹೋದರು. ವಂದನೆಗೂ ಆಸನಕ್ಕೂ ಹಿರಿತನವನ್ನೇ ನೋಡುವ ಸಂಘವು ಇಲ್ಲಿ ಮಾತ್ರ ಅದನ್ನು ಬಿಟ್ಟು, ಬಂದವರು ಬಂದ ಸರದಿಯಲ್ಲಿ ಹೋಗತಕ್ಕದ್ದೆಂದು ವಿಧಿಸಿತು. ಹಿರಿಯರಿಗೆ ಇದು ರುಚಿಸಿತೋ ಇಲ್ಲವೋ ಗ್ರಂಥ ಹೇಳುವುದಿಲ್ಲ.

ಸ್ನಾನದ ಕಥೆ ಬೇರೆ ತೆರನಾದುದು. ರಾಜಗೃಹದ ತಪೋದವೆಂಬ ಬಿಸಿನೀರಿನ ಬುಗ್ಗೆಯಲ್ಲಿ ಭಿಕ್ಷುಗಳು ಮೀಯುತ್ತಿರಲು ಬಿಂಬಿಸಾರ ಮಹಾರಾಜನು ತನ್ನ ಸರದಿಗಾಗಿ ಕತ್ತಲಾಗುವವರೆಗೂ ಕಾದನು. ಮಿಂದು ಹಿಂದಿರುಗುವಷ್ಟರಲ್ಲಿ ನಗರದ್ವಾರ ಮುಚ್ಚಿತ್ತು. ರಾಜನು ರಾತ್ರಿಯನ್ನು ಹೊರಗೇ ಕಳೆದನು. ಪಕ್ಷಕ್ಕೊಮ್ಮೆ ಮಾತ್ರ ಸ್ನಾನವೆಂಬ ಕಟ್ಟು ಹೀಗೆ ಬಂದಿತು. ಬೇಸಗೆಯ ಸೆಕೆ, ರೋಗ, ಕೆಲಸ, ಪ್ರಯಾಣ, ಗಾಳಿಮಳೆ ಇವುಗಳಿಗಾಗಿ ಅದನ್ನು ಒಂದೊಂದಾಗಿ ಸಡಿಲಿಸಬೇಕಾಯಿತು. ಅವಂತಿಯಿಂದ ಬಂದ ಸೋಣನು, ತಮ್ಮ ಕಡೆಯ ಜನರು ಸ್ನಾನವನ್ನು ದೊಡ್ಡದಾಗಿ ಎಣಿಸುವರೆಂದು ಬಿನ್ನವಿಸಲು, ಮಧ್ಯದೇಶದ ಹೊರಗೆ ನಿತ್ಯಸ್ನಾನಕ್ಕೂ ಅನುಮತಿ ದೊರೆಯಿತು. ದಿಗಂಬರ ಜೈನಮುನಿಗಳದು ಇದಕ್ಕೆ ವಿರುದ್ಧವಾದ ಮಾರ್ಗ. ಶ್ರವಣಬೆಳಗೊಳಕ್ಕೆ ಬರುವ ಮುನಿಗಳಿಗೆ ಇಂದಿಗೂ ಅಸ್ನಾನ, ಅದಂತಧಾವನಗಳು ಮೂಲಗುಣಗಳಲ್ಲಿ ಸೇರಿವೆ. ಕಮಂಡಲುವಿನ ನೀರು ಶೌಚಕ್ಕೆ ಮಾತ್ರ.

ಬೌದ್ಧರಾದರೋ ಹಲ್ಲುಕಡ್ಡಿಯ ಐದು ಗುಣಗಳನ್ನು ಎಣಿಸಿದರು: ಕಣ್ಣಿಗೆ ಹಿತ, ಬಾಯಿ ನಾರದು, ರಸನಾಡಿಗಳು ಶುದ್ಧವಾಗುವುವು, ಪಿತ್ತಶ್ಲೇಷ್ಮಗಳು ಅನ್ನವನ್ನು ಮುಸುಕವು, ಊಟ ರುಚಿಸುವುದು. ಕೆಲವರು ಉದ್ದನೆಯ ಕಡ್ಡಿಯಿಂದ ಸಾಮಣೇರರನ್ನು ಹೊಡೆಯತೊಡಗಲು ಎಂಟಂಗುಲಕ್ಕೆ ಮಿತಿಯಾಯಿತು. ತೀರ ಗಿಡ್ಡ ಕಡ್ಡಿ ಒಬ್ಬನ ಗಂಟಲಲ್ಲಿ ಸಿಕ್ಕಿಕೊಳ್ಳಲು ನಾಲ್ಕಂಗುಲಕ್ಕೆ ಕಡಿಮೆಯಿರಬಾರದೆಂದಾಯಿತು. ಸುಮಾರು ಹನ್ನೆರಡು ಶತಮಾನಗಳ ಅನಂತರ, 671ರಲ್ಲಿ ಚೀನದಿಂದ ಹೊರಟ ಇತ್ಸಿಂಗನು ಅದೇ ಆಚಾರವು ಇಲ್ಲಿ ಜೀವಂತವಾಗಿದ್ದುದನ್ನು ಕಂಡನು. ಅವನ ಶಾಖೆಯ ಲೆಕ್ಕದಲ್ಲಿ ಕಡ್ಡಿ ಹನ್ನೆರಡಂಗುಲ, ಕನಿಷ್ಠ ಎಂಟು. ಕುಡಿಯುವ ನೀರಿಗೆ ಮಣ್ಣಿನ ಪಾತ್ರೆ, ಶೌಚದ ನೀರಿಗೆ ಲೋಹದ್ದು ಎಂಬ ಭೇದವನ್ನೂ ಅವನು ಬರೆದಿಟ್ಟಿದ್ದಾನೆ. ಅವನ ದೇಶದವರು ಹಲ್ಲುಕಡ್ಡಿಯನ್ನು ವಿಲೋಮರದ ಕೊಂಬೆಯೆಂದು ಕರೆಯುತ್ತಿದ್ದರು. ಅದು ಅವನಿಗೆ ಸಹಿಸಲಿಲ್ಲ. ಭಾರತದಲ್ಲಿ ಆ ಮರವೇ ವಿರಳ. ಬುದ್ಧನ ಹಲ್ಲುಕಡ್ಡಿಯಿಂದ ಚಿಗುರಿತೆಂದು ಹೇಳುವ ಮರವನ್ನು ನಾಲಂದೆಯಲ್ಲಿ ತಾನೇ ಕಣ್ಣಾರೆ ಕಂಡೆನು, ಅದು ವಿಲೋ ಅಲ್ಲವೆಂದು ಅವನು ತಿದ್ದಿ ಬರೆದನು.